ಕತ್ತಿನ ಮೇಲಿನ ಕೈ

ನವರಾತ್ರಿ ಕೂತು ಎರಡು ದಿನವಾಗಿತ್ತು. ಚಳಿ ಹಿಂದೆ ಸರಿದು, ಮಳೆ ಇನ್ನೂ ಬಾರದೆ, ನೈರೋಬಿಯಲ್ಲಿ ಜಕರಂಡಾ ಹೂ ಬಿಡುವ ಕಾಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತ್ರಿವಿಕ್ರಮ ನಮ್ಮ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ, ಹಳೇ ಕಂಬಳಿ ಸುತ್ತಿದ ದೊಡ್ಡ ಪಟವೊಂದನ್ನು ಇಳಿಸಿದ. ಎಲ್ಲ ಶುರುವಾದದ್ದು ಅಲ್ಲಿಂದ.

ನಮ್ಮದು ನ್ಗಾರಾ ಬಡಾವಣೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ದ್ವಾರಕಾನಾಥನ ಅಪ್ಪ ಮೈಸೂರಿನಿಂದ ನನ್ನನ್ನು ಕರೆದುಕೊಂಡು ಬಂದಾಗ ದ್ವಾರಕಾನಾಥ ತೊಟ್ಟಿಲಲ್ಲಿದ್ದ. ಈಗ ಅವನೇ ಯಜಮಾನ, ತಲೆ ನೆರೆತಿದೆ. ಅವನ ಹೆಂಡತಿ ವಸಂತಾ ಮುಂದೆ ಕೂತು ಗಿರಾಕಿ ನೋಡುತ್ತಾಳೆ. ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ನಾನು ಮತ್ತು ಮುತಿಸೊ. ಮುತಿಸೊ ಮಚಾಕೋಸ್ ಕಡೆಯ ಕಂಬಾ ಜನ, ಹುಟ್ಟಿದ್ದೇ ಮರ ಕೆತ್ತುವ ಮನೆಯಲ್ಲಿ. ಮೂವತ್ತು ವರ್ಷ ಒಂದೇ ಗರಗಸ ಎಳೆದು ಅವನಿಗೆ ಕನ್ನಡ ಬಂದಿದೆ, ನನಗೆ ಸ್ವಾಹಿಲಿ ಬಂದಿದೆ. ಎರಡೂ ಅರ್ಧಂಬರ್ಧ.

ತ್ರಿವಿಕ್ರಮ ಬೆಂಗಳೂರಿನವನು. ಯಾವುದೋ ಸಂಸ್ಥೆಯ ಕೆಲಸಕ್ಕೆ ಬಂದವನು ಅದನ್ನು ಬಿಟ್ಟು ಹಳೇ ಸಾಮಾನಿನ ವ್ಯಾಪಾರಕ್ಕೆ ಇಳಿದಿದ್ದ. ಬೆಟ್ಟದ ಕಡೆ ಬಿಳಿಯರ ತೋಟದ ಮನೆಗಳು ಬಾಗಿಲು ಹಾಕುವಾಗ ಹೋಗಿ ಕುರ್ಚಿ, ಮೇಜು, ಬೆಳ್ಳಿ, ಪಟ ಎಲ್ಲ ಒಟ್ಟಿಗೆ ಎತ್ತಿಕೊಂಡು ಬಂದು, ವಿಶ್ವಸಂಸ್ಥೆಯ ಕಚೇರಿಗಳಿರುವ ಗಿಗಿರಿಯ ದೊಡ್ಡ ಆಫೀಸರುಗಳಿಗೆ ಮಾರುತ್ತಿದ್ದ.

ಕಂಬಳಿ ಬಿಚ್ಚಿದೆವು. ಎಣ್ಣೆಬಣ್ಣದ ಚಿತ್ರ, ಸುಮಾರು ಇನ್ನೂರು ವರ್ಷದ್ದು ಎಂದ. ಯುರೋಪಿನಲ್ಲಿ ಬರೆದದ್ದು. ಎಡಗಡೆ ಒಬ್ಬ ಕರಿಯ ಯುವಕ, ಕೆಂಪು ಕೋಟು, ಬಿಳಿ ಕಾಲರು. ಬಲಗಡೆ, ಅವನಿಗಿಂತ ಅರ್ಧ ಹೆಜ್ಜೆ ಹಿಂದೆ, ಒಬ್ಬ ದೊರೆ. ದೊರೆಯ ಕೈ ಯುವಕನ ಕತ್ತಿನ ಮೇಲಿತ್ತು. ಮೊದಲು ನೋಡಿದರೆ ಪ್ರೀತಿಯಿಂದ ಇಟ್ಟ ಕೈಯೆಂದೇ ಅನ್ನಿಸುತ್ತದೆ. ಹತ್ತಿರ ಹೋದರೆ ನಾಲ್ಕು ಬೆರಳು ಹಿಂಬದಿಯಲ್ಲಿ, ಹೆಬ್ಬೆರಳು ಗಂಟಲ ಮೇಲೆ. ಹೆಬ್ಬೆರಳು ಒತ್ತಿದ ಕಡೆ ಚರ್ಮ ತಗ್ಗಾಗಿತ್ತು. ಬರೆದವನು ಆ ತಗ್ಗನ್ನೂ ಬಿಟ್ಟಿರಲಿಲ್ಲ. ಯುವಕನ ಕಣ್ಣಿನಲ್ಲಿ ನೀರು ನಿಂತಿತ್ತು, ಇಳಿದಿರಲಿಲ್ಲ.

ತ್ರಿವಿಕ್ರಮ ಹೇಳಿದ ಕೆಲಸ ಇಷ್ಟು. ದೊರೆಯನ್ನು ಕೊಯ್ದು ತೆಗೆಯಬೇಕು. ಕರಿಯ ಯುವಕನೊಬ್ಬನಿಗೆ ಹೊಸ ಕಟ್ಟು ಹಾಕಬೇಕು. ಕತ್ತಿನ ಮೇಲೆ ಉಳಿಯುವ ಕೈಗೆ ಬಣ್ಣ ಬಳಿಯಲು ಊರ ನಡುವಿನ ಪೇಟೆಯಲ್ಲಿ ಅವನ ಕಡೆಯ ಒಬ್ಬ ಚಿತ್ರಗಾರ ಇದ್ದಾನೆ. ಈಗ ಇಂಥ ಒಂಟಿ ಚಿತ್ರಗಳಿಗೇ ಗಿರಾಕಿ, ಇದನ್ನು ಕೊಳ್ಳಲಿರುವ ಗಿಗಿರಿಯವನು ದೊರೆ ಇರುವ ಪಟವನ್ನು ಊಟದ ಕೋಣೆಯಲ್ಲಿ ನೇತುಹಾಕಿದರೆ ಬಂದವರು ಏನಂದಾರು ಎಂದು ಕೇಳುತ್ತಾನಂತೆ. ದ್ವಾರಕಾನಾಥ ಆಯಿತೆಂದ. ನಮ್ಮ ಕಸುಬಿನಲ್ಲಿ ಅಂಚು ಕೊಯ್ಯುವುದು ಹೊಸದೇನಲ್ಲ. ಕಟ್ಟಿಗೆ ತಕ್ಕಂತೆ ಚಿತ್ರ, ಬೇಡದ್ದು ಬುಟ್ಟಿಗೆ.

ಮುತಿಸೊ ಮಾತ್ರ ಚಿತ್ರದ ಮುಂದೆ ನಿಂತೇ ಇದ್ದ.

ಅವನ ವಿಷಯ ಇಲ್ಲಿ ಹೇಳಬೇಕು. ಅವನಿಗೊಬ್ಬ ಮಗ, ಕಿಯೋಕೊ. ಜೂನ್‌ನಲ್ಲಿ ಸರ್ಕಾರದ ವಿರುದ್ಧ ಹುಡುಗರು ಬೀದಿಗಿಳಿದ ದಿನ ಗುಂಡು ತಗಲಿ ರಸ್ತೆಯಲ್ಲೇ ಸತ್ತ. ಅವನ ಸ್ನೇಹಿತನೊಬ್ಬ ಫೋಟೋ ತೆಗೆದಿದ್ದ. ಅದರಲ್ಲಿ ಕಿಯೋಕೊ ಬಿದ್ದಿದ್ದಾನೆ, ಪಕ್ಕದಲ್ಲಿ ಒಬ್ಬ ಬಂದೂಕು ಹಿಡಿದು ನಿಂತಿದ್ದಾನೆ, ಮುಖ ಕಾಣುತ್ತದೆ. ಆ ಸ್ನೇಹಿತ ಒಂದೇ ಒಂದು ಪ್ರತಿ ಅಚ್ಚು ಹಾಕಿಸಿ ತಂದುಕೊಟ್ಟ, ಮಾರನೇ ದಿನ ಅವನ ಫೋನನ್ನು ಯಾರೋ ಕಿತ್ತುಕೊಂಡು ಹೋದರು. ಹೂಳುವ ದಿನ ಊರಿನ ಮನೆಯಲ್ಲಿ ಇಡಲು ಕಟ್ಟು ಬೇಕಿತ್ತು. ಮುತಿಸೊ ತಾನೇ ಕೂತು ಮಾಡಿದ. ಅಳುತ್ತಾ ಮಾಡಿದ. ಮಗನ ಪಕ್ಕದಲ್ಲಿ ಆ ಮನುಷ್ಯ ಯಾಕಿರಬೇಕು ಎಂದು ಮೂವತ್ತು ವರ್ಷದ ಅಭ್ಯಾಸದ ಕೈಯಿಂದ ಚಾಕು ಎಳೆದು ಅವನನ್ನು ಕೊಯ್ದು ಹಾಕಿದ. ಚೂರು ಬುಟ್ಟಿಗೆ ಬಿತ್ತು, ಸಂಜೆ ಕಸದ ಜೊತೆ ಸುಟ್ಟಿತು. ಆಮೇಲೆ ವಿಚಾರಣೆಗೆ ಕರೆದವರು ಪಟ ನೋಡಿ ಕೇಳಿದರಂತೆ: ಇದರಲ್ಲಿ ಹುಡುಗ ಒಬ್ಬನೇ ಇದ್ದಾನಲ್ಲ, ಹೊಡೆದವನು ಎಲ್ಲಿ?

ಅಂದಿನಿಂದ ಮುತಿಸೊ ಕೊಯ್ಯುವ ಕೆಲಸ ಬಿಟ್ಟು ಬರೀ ಕೆತ್ತುತ್ತಿದ್ದ. ಈ ಪಟ ಬಂದ ದಿನ ಸಂಜೆ ಬೀಗ ಹಾಕುವಾಗ ದ್ವಾರಕಾನಾಥನ ಹತ್ತಿರ ಹೋಗಿ, ಈ ಕೈ ತೆಗೆಯಬೇಡಿ ಎಂದು ಕೇಳಿಕೊಂಡ. ದ್ವಾರಕಾನಾಥ ಮಾತು ಕೊಡಲಿಲ್ಲ, ಕೊಯ್ಯಲೂ ಇಲ್ಲ. ನಾಳೆ ನೋಡೋಣ ಎನ್ನುತ್ತಾ ಒಂದು ವಾರ ತಳ್ಳಿದ.

ನಡುವೆ ಹೆಲನ್ ಬಂದಿದ್ದರು. ಅವರು ಮಂಗಳೂರಿನವರು, ಇಲ್ಲಿ ಕಾಲೇಜಿನಲ್ಲಿ ಚಿತ್ರಕಲೆಯ ಪಾಠ ಹೇಳುತ್ತಾರೆ. ಬೇರೆ ಕೆಲಸಕ್ಕೆ ಬಂದವರು ಇದನ್ನು ಕಂಡು ಅಲ್ಲೇ ಸ್ಟೂಲ್ ಎಳೆದು ಕೂತರು. ಆ ಕಾಲದ ಯುರೋಪಿನ ಪಟಗಳಲ್ಲಿ ಕರಿಯರು ಬೇಕಾದಷ್ಟು ಇದ್ದಾರೆ, ಆದರೆ ಮೂಲೆಯಲ್ಲಿ, ತಟ್ಟೆ ಹಿಡಿದುಕೊಂಡು, ಕೊಡೆ ಹಿಡಿದುಕೊಂಡು, ಯಜಮಾನಿಯ ಮೈ ಇನ್ನೂ ಬೆಳ್ಳಗೆ ಕಾಣಲಿ ಎಂದು ಪಕ್ಕಕ್ಕೆ ನಿಂತುಕೊಂಡು. ಬಂದರಿನಿಂದಲೋ ಸರ್ಕಸ್ಸಿನಿಂದಲೋ ಕೂಲಿ ಕೊಟ್ಟು ಕರೆದು ಕೂರಿಸಿದವರೂ ಉಂಟು. ಹೆಚ್ಚಿನ ಪಟಗಳ ಕೆಳಗೆ ದೊರೆಯ ಹೆಸರಿರುತ್ತದೆ, ಇವರದ್ದಿರುವುದಿಲ್ಲ. ಇಷ್ಟೆಲ್ಲ ಅವರು ಹೇಳಿದರು. ನನಗೆ ಅರ್ಥವಾದದ್ದು ಇಷ್ಟೇ.

"ಆದ್ರೆ ಇದನ್ನು ಬರೆದವ ಸುಮ್ನೆ ಬರೆದದ್ದಲ್ಲ ಮಾರಾಯ್ರೆ" ಎಂದರು ಹೆಲನ್. "ಕತ್ತು ಹಿಡಿದವನೇ ದುಡ್ಡು ಕೊಟ್ಟು ಬರೆಸಿದ್ದು. ಆದ್ರೂ ಹಿಡಿದದ್ದನ್ನು ಬರೆದಿದ್ದಾನೆ. ಇದನ್ನು ಕೊಯ್ದ್ರೆ ಇವ ಯಾಕೆ ಅಳ್ತಿದ್ದಾನೆ ಅಂತ ಕೇಳುವವರಿಗೆ ಉತ್ತರ ಇಲ್ಲ."

ಮುತಿಸೊ ಅದನ್ನು ಕೇಳಿಸಿಕೊಂಡ. ಹೆಲನ್ ತ್ರಿವಿಕ್ರಮನಿಗೆ ಫೋನು ಮಾಡಿ ಹೇಳಿ ನೋಡಿದರು. ಅವನು ನಕ್ಕು ಇಟ್ಟುಬಿಟ್ಟನಂತೆ.

ಬುಧವಾರ ಆಯುಧಪೂಜೆ. ಬೆಳಿಗ್ಗೆಯೇ ಚಾಕು, ಉಳಿ, ಗರಗಸ, ಸುತ್ತಿಗೆ, ಗಾಜು ಕೊಯ್ಯುವ ವಜ್ರ ಎಲ್ಲವನ್ನೂ ತೊಳೆದು, ಕೆಂಪು ಬಟ್ಟೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಚಾಮುಂಡಿಯ ಪಟದ ಮುಂದೆ ಇಟ್ಟಿದ್ದೆವು. ಒಮ್ಮೆ ಪೂಜೆಗೆ ಇಟ್ಟರೆ ವಿಜಯದಶಮಿಯ ತನಕ ಅವುಗಳನ್ನು ಮುಟ್ಟುವ ಹಾಗಿಲ್ಲ. ದ್ವಾರಕಾನಾಥನ ಅಪ್ಪ ಹಾಕಿದ ಪದ್ಧತಿ. ಒಂದು ವರ್ಷ ಯಾವುದೋ ರಾಯಭಾರಿಯ ಕೆಲಸ ಬಂದರೂ ಅವರು ಮುಟ್ಟಿರಲಿಲ್ಲ. ಮಂಗಳಾರತಿ ಆಗಿತ್ತು. ಬೂದುಗುಂಬಳಕಾಯಿ ಒಡೆಯುವುದು ಬಾಕಿ ಇತ್ತು.

ಆಗ ತ್ರಿವಿಕ್ರಮ ಬಂದ. ಜೊತೆಗೆ ಇಬ್ಬರು ತರುಣರು. ಜಾಕೆಟ್ಟಿನ ಒಳಗೆ ಅವರು ರುಂಗು ಇಟ್ಟುಕೊಂಡಿದ್ದರು, ಗುಂಡು ತಲೆಯ ದೊಣ್ಣೆ. ಜೂನ್‌ನಲ್ಲಿ ಇಂಥವರನ್ನೇ ಕೂಲಿಗೆ ಕರೆತಂದು ಬೀದಿಯ ಹುಡುಗರ ಮೇಲೆ ಬಿಟ್ಟಿದ್ದನ್ನು ನಾವೆಲ್ಲ ಶಟರ್‌ನ ಸಂದಿಯಿಂದ ನೋಡಿದ್ದೆವು.

ಗಿಗಿರಿಯವನು ಸೋಮವಾರ ತನ್ನ ದೇಶಕ್ಕೆ ಹೊರಡುತ್ತಾನೆ, ಕೈಯ ಮೇಲೆ ಬಣ್ಣ ಬಳಿದು ಒಣಗಲು ದಿನ ಬೇಕು, ಈಗಲೇ ಕೊಯ್ದು ಕೊಡಿ ಎಂದ. ದ್ವಾರಕಾನಾಥ ಕೈಗೆ ಪ್ರಸಾದ ಕೊಟ್ಟು, ನಾಳೆ ಮಧ್ಯಾಹ್ನ ಬನ್ನಿ ಎಂದ.

"ಏನ್ ಸಾರ್, ಚಾಕುಗೂ ಲೀವಾ?" ತ್ರಿವಿಕ್ರಮ ಕಡಲೆ ಬಾಯಿಗೆ ಹಾಕಿಕೊಂಡ. "ನಮ್ಮಪ್ಪನೂ ಸ್ಕೂಟರ್‌ಗೆ ಪೂಜೆ ಮಾಡ್ತಿದ್ರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಅದರಲ್ಲೇ ಸೀದಾ ಆಫೀಸ್‌ಗೆ ಹೋಗ್ತಿದ್ರು."

"ನಿಮ್ಮಪ್ಪ ಹೋಗಿರ್ಬಹುದು. ನಮ್ಮಲ್ಲಿ ಮುಟ್ಟಲ್ಲ."

"ನೀವು ಮುಟ್ಬೇಡಿ ಬಿಡಿ."

ಹೇಳಿ ಬಗ್ಗಿ, ಕೆಂಪು ಬಟ್ಟೆಯಿಂದ ಉದ್ದದ ಚಾಕುವನ್ನು ಎತ್ತಿಕೊಂಡೇಬಿಟ್ಟ. ಮೇಲಿದ್ದ ಸೇವಂತಿಗೆ ಕೆಳಗೆ ಬಿತ್ತು. ವಸಂತಾ, ಇಡಿ ಅದನ್ನ, ಎಂದಳು. ಅವನು ಹಿಂದಿನ ಕೋಣೆಗೆ ನಡೆದ. ನಾವು ಹಿಂದೆ ಹೋಗುವಷ್ಟರಲ್ಲಿ ಮುತಿಸೊ ಚಿತ್ರಕ್ಕೆ ಅಡ್ಡ ನಿಂತಿದ್ದ.

"ದೊರೆ ಇರಲಿ" ಎಂದ ಮುತಿಸೊ, ಕನ್ನಡದಲ್ಲೇ.

"ಯಾಕಪ್ಪಾ, ನಿನ್ನ ನೆಂಟನಾ?"

"ಕೈ ಯಾರದು ಅಂತ ತಿಳೀಬೇಕು."

ತ್ರಿವಿಕ್ರಮ ತರುಣರ ಕಡೆ ನೋಡಿ ತಲೆ ಆಡಿಸಿದ. ಎತ್ತರದವನು ರುಂಗು ತೆಗೆದು ಮುತಿಸೊನ ಬಲ ಮುಂಗೈಗೆ ಹೊಡೆದ. ಒಣಗಿದ ಮರದ ಪಟ್ಟಿ ಮುರಿದ ಹಾಗೆ ಸದ್ದಾಯಿತು. ಮುತಿಸೊ ಆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅಲ್ಲೇ ನಿಂತ. ಎರಡನೇ ಏಟು ಭುಜಕ್ಕೆ. ಮೂರನೆಯದು ಕಿವಿಯ ಮೇಲೆ. ಮಂಡಿ ಊರಿದ. ನಾನು ಬಿಡಿಸಲು ಹೋದರೆ ಇನ್ನೊಬ್ಬ ಎದೆಗೆ ಒದ್ದ. ಗೋಡೆಗೆ ಒರಗಿಸಿದ್ದ ಗಾಜಿನ ಹಾಳೆಗಳ ಮೇಲೆ ಬಿದ್ದೆ. ಬೆನ್ನಿನೊಳಗೆ ಗಾಜು ಹೋದದ್ದು ಆಗ ತಿಳಿಯಲಿಲ್ಲ, ಶರ್ಟು ಬೆಚ್ಚಗಾಗಿದ್ದು ಮಾತ್ರ ತಿಳಿಯಿತು.

ತ್ರಿವಿಕ್ರಮ ಮುತಿಸೊನನ್ನು ದಾಟಿ, ಎರಡು ತಲೆಗಳ ನಡುವೆ ಚಾಕು ಊರಿ ಕೆಳಕ್ಕೆ ಎಳೆದ. ಕ್ಯಾನ್ವಾಸು ಹರಿಯುವ ಸದ್ದು ನನಗೆ ಗೊತ್ತಿದ್ದದ್ದೇ, ಆದರೂ ಅವತ್ತು ಕಿವಿ ಮುಚ್ಚಿಕೊಂಡೆ. ಚಾಕು ದೊರೆಯ ತೋಳಿನ ತನಕ ಇಳಿಯಿತು. ಅಲ್ಲಿ ಮುತಿಸೊ ಎಡಗೈಯಿಂದ ಅದರ ಅಲಗನ್ನೇ ಹಿಡಿದುಕೊಂಡ. ಹಿಡಿಕೆಯನ್ನಲ್ಲ, ಅಲಗನ್ನು. ತ್ರಿವಿಕ್ರಮ ಎಳೆದ. ಮುತಿಸೊ ಬಿಡಲಿಲ್ಲ. ರಕ್ತ ಮೊಣಕೈಗೆ ಇಳಿದು, ಕೆಂಪು ಕೋಟಿನ ಮೇಲೆ ಚೆಲ್ಲಿ, ಬಣ್ಣ ಯಾವುದು ರಕ್ತ ಯಾವುದು ತಿಳಿಯದಾಯಿತು. ಎತ್ತರದವನು ಮತ್ತೆ ರುಂಗು ಎತ್ತಿದ, ಈ ಸಲ ತಲೆಗೆ.

ದ್ವಾರಕಾನಾಥ ಹೊರಗೆ ಓಡಿದ. ಹೆದರಿ ಓಡಿದ ಎಂದುಕೊಂಡೆ. ವಾಪಸು ಬಂದಾಗ ಕೈಯಲ್ಲಿ ಪೂಜೆಯ ಸುತ್ತಿಗೆ ಇತ್ತು, ಅದರ ತಲೆಯಲ್ಲಿ ಕುಂಕುಮದ ಬೊಟ್ಟು. ತ್ರಿವಿಕ್ರಮನ ದವಡೆಗೆ ಬೀಸಿದ. ಹಲ್ಲು ಮುರಿದು ನೆಲಕ್ಕೆ ಬಿದ್ದವು. ಎತ್ತರದವನು ರುಂಗನ್ನು ದ್ವಾರಕಾನಾಥನ ಕಡೆ ತಿರುಗಿಸಿದ. ಬೆನ್ನಿಗೆ, ಸೊಂಟಕ್ಕೆ, ಮತ್ತೆ ಬೆನ್ನಿಗೆ. ದ್ವಾರಕಾನಾಥ ಕೆಳಗೆ ಬಿದ್ದ ಮೇಲೂ ಹೊಡೆದ.

ವಸಂತಾ ಅದನ್ನು ನೋಡಿದಳು. ಗಂಡ ಸತ್ತನೆಂದೇ ತಿಳಿದಳು. ಬೀದಿ ಬಾಗಿಲಿಗೆ ಓಡಿ, ಗಂಟಲು ಹರಿಯುವ ಹಾಗೆ ಕೂಗಿದಳು: "ಮ್ವಿಜಿ."

ಮ್ವಿಜಿ ಎಂದರೆ ಕಳ್ಳ. ನೈರೋಬಿಯ ಬೀದಿಯಲ್ಲಿ ಆ ಮಾತನ್ನು ಕೂಗಬಾರದು, ಪರ್ಸು ಹೋದರೆ ಹೋಗಲಿ, ಎಂದು ಹೊಸದಾಗಿ ಬಂದ ನಮ್ಮವರಿಗೆಲ್ಲ ಮೊದಲು ಹೇಳಿಕೊಡುವುದೇ ಅದನ್ನು. ಕೂಗಿದ ಮೇಲೆ ಅದು ಕೂಗಿದವರ ಕೈಯಲ್ಲಿ ಇರುವುದಿಲ್ಲ. ನಾನು ಬಂದ ಹೊಸತರಲ್ಲಿ, ಇದೇ ನ್ಗಾರಾದ ತಿರುವಿನಲ್ಲಿ, ಒಂದು ಕೈಗಡಿಯಾರಕ್ಕಾಗಿ ಒಬ್ಬನನ್ನು ಸುಟ್ಟದ್ದು ನೋಡಿದ್ದೇನೆ. ವಸಂತಾ ಮದುವೆಯಾಗಿ ಬಂದಾಗ ಅವಳಿಗೆ ಇದನ್ನು ಹೇಳಿದವನೂ ನಾನೇ.

ಬೀದಿ ಎದ್ದು ಬಂತು. ಹಳೇ ಬಟ್ಟೆ ಮಾರುವವರು, ಮಟಾಟು ವ್ಯಾನಿನ ಕಂಡಕ್ಟರುಗಳು, ಬಾಡಿಗೆ ಬೈಕಿನ ಬೋಡಾದವರು, ಜೋಳ ಸುಡುವ ಹೆಂಗಸರು. ಹಿಂದಿನ ಬಾಗಿಲಿನಿಂದ ತ್ರಿವಿಕ್ರಮ ಬಾಯಿ ಮುಚ್ಚಿಕೊಂಡು ತಪ್ಪಿಸಿಕೊಂಡ, ಇನ್ನೊಬ್ಬ ತರುಣನೂ ತಪ್ಪಿಸಿಕೊಂಡ. ಎತ್ತರದವನು ದಿಕ್ಕು ತಪ್ಪಿ ಮುಂದಿನ ಬಾಗಿಲಿಗೆ ಓಡಿದ. ಹೊಸ್ತಿಲು ದಾಟುವಾಗಲೇ ಮೊದಲ ಕಲ್ಲು ಬಿತ್ತು. ಬಿದ್ದವನ ಮೇಲೆ ಎಷ್ಟು ಕಾಲುಗಳು. ಅವನದೇ ರುಂಗು ಅವನ ತಲೆಯ ಮೇಲೆ ಎದ್ದು ಇಳಿಯುವುದು ಕಂಡಿತು. ಅವನು ಕಳ್ಳನಲ್ಲ ಎಂದು ಕೂಗುತ್ತಾ ಮುತಿಸೊ ಮುರಿದ ಕೈ ಹಿಡಿದುಕೊಂಡು ಜನರ ಬೆನ್ನನ್ನು ತಲೆಯಿಂದ ತಳ್ಳುತ್ತಾ ಒಳಗೆ ನುಗ್ಗಲು ನೋಡಿದ. ಯಾರೂ ಜಾಗ ಬಿಡಲಿಲ್ಲ. ವಸಂತಾ, ಸಾಕು, ಸಾಕು ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಆ ಗದ್ದಲದಲ್ಲಿ ಸ್ವಾಹಿಲಿ ಅವಳಿಗೆ ಮರೆತುಹೋಗಿತ್ತು.

ಜನ ಕರಗಿದಾಗ ಅವನು ಚರಂಡಿಯ ಪಕ್ಕ ಮುದುಡಿಕೊಂಡಿದ್ದ. ಮುಖವೆನ್ನುವುದು ಉಳಿದಿರಲಿಲ್ಲ. ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಮುತಿಸೊ ಪಕ್ಕದಲ್ಲಿ ಕೂತು ಅವನ ಜಾಕೆಟ್ಟನ್ನು ಕೆಳಕ್ಕೆಳೆದು ಹೊಟ್ಟೆ ಮುಚ್ಚಿದ.

ಪೊಲೀಸರು ಬಂದು ಕೇಳಿದರು. ಯಾರೂ ಏನೂ ನೋಡಿರಲಿಲ್ಲ. ಫೋನುಗಳಲ್ಲಿ ತೆಗೆದವರಿದ್ದರು, ಆದರೆ ಎಲ್ಲರ ಫೋನಿನಲ್ಲೂ ಬಿದ್ದವನು ಒಬ್ಬನೇ, ಸುತ್ತ ಬರೀ ಕಾಲುಗಳು. ಗುರುತಿಲ್ಲದ ಜನರ ಗುಂಪು ಎಂದು ಬರೆದುಕೊಂಡು ಹೋದರು. ನಮ್ಮ ಗಾಯ ನೋಡಿ, ದರೋಡೆಗೆ ಬಂದವರು ಎಂದು ಅವರೇ ತೀರ್ಮಾನಿಸಿದರು. ದ್ವಾರಕಾನಾಥ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ವಿಜಯದಶಮಿಯ ದಿನ ನಾವೆಲ್ಲ ಆಸ್ಪತ್ರೆಯಲ್ಲಿ. ಪೂಜೆಗಿಟ್ಟ ಆಯುಧಗಳನ್ನು ಇಳಿಸುವವರೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಪಾದದ ತುಂಬ ಧೂಳು. ಸತ್ತವನ ತಾಯಿ. ಅವನ ಹೆಸರು ಡೆನ್ನಿಸ್ ಎಂದು ನಮಗೆ ತಿಳಿದದ್ದು ಅವಳಿಂದಲೇ. ಬೀದಿಯ ಈ ತುದಿಯಿಂದ ಪ್ರತಿ ಅಂಗಡಿಗೂ ಹತ್ತಿ, ಫೋನಿನಲ್ಲಿ ಆ ಚಿತ್ರ ತೋರಿಸಿ, ಮೊದಲು ಕೂಗಿದವರು ಯಾರು ಎಂದು ಕೇಳಿಕೊಂಡು ಬರುತ್ತಿದ್ದಳು. ಕೋಪದಲ್ಲಿ ಕೇಳಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದಳು. ವಸಂತಾ ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಕೂಗಿದ್ದು ತಾನು ಎಂದು ಮಾತ್ರ ಹೇಳಲಿಲ್ಲ. ಆಕೆ ನೀರು ಕುಡಿದು, ಅಸಾಂಟೆ ಎಂದು ಉಪಕಾರ ಹೇಳಿ, ಮುಂದಿನ ಅಂಗಡಿಗೆ ಹೋದಳು.

ಅವತ್ತೇ ಮಧ್ಯಾಹ್ನ ತ್ರಿವಿಕ್ರಮನ ಕಡೆಯ ವಕೀಲ ಫೋನು ಮಾಡಿದ. ಕೂಗಿದ್ದು ಯಾರೆಂದು ಅವನ ಕಕ್ಷಿದಾರನಿಗೆ ಗೊತ್ತು. ಸತ್ತವನ ಸಾವು ವಸಂತಾಳ ತಲೆಗೆ ಬರುತ್ತದೆ. ಆದರೆ ಚಿತ್ರವನ್ನು ಹೇಳಿದಂತೆ ಕೊಯ್ದು, ಶನಿವಾರ ಸಂಜೆಯೊಳಗೆ ಕೊಟ್ಟರೆ, ಅವನ ಕಕ್ಷಿದಾರ ಬುಧವಾರ ನ್ಗಾರಾ ಕಡೆಗೇ ಬಂದಿರಲಿಲ್ಲ, ಏನನ್ನೂ ಕೇಳಿರಲಿಲ್ಲ ಎಂದಾಗುತ್ತದೆ.

ದ್ವಾರಕಾನಾಥ ರಾತ್ರಿಯೆಲ್ಲ ಏನು ಯೋಚಿಸಿದನೋ. ಶನಿವಾರ ಅಂಗಡಿ ತೆರೆದ ಕೂಡಲೇ ಸೊಂಟ ಹಿಡಿದುಕೊಂಡು ಹೋಗಿ, ಕೆಂಪು ಬಟ್ಟೆಯ ಮೇಲಿನಿಂದ ಇನ್ನೊಂದು ಚಾಕು ತೆಗೆದುಕೊಂಡು ಬಂದು ಚಿತ್ರದ ಮುಂದೆ ನಿಂತ. ಮುತಿಸೊ ಮೂಲೆಯಲ್ಲಿ ಕೂತಿದ್ದ. ಬಲಗೈಗೆ ಪ್ಲಾಸ್ಟರು, ಎಡಗೈಗೆ ಬ್ಯಾಂಡೇಜು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಕೊಯ್ಯಿರಿ ಬಾಸು" ಎಂದ ಮುತಿಸೊ. "ವಸಂತಮ್ಮನಿಗೋಸ್ಕರ ಅಲ್ವಾ. ನಾನೂ ಕೊಯ್ದಿದ್ದೆ."

ಅದು ಚುಚ್ಚುಮಾತೋ ಸಮಾಧಾನವೋ ನನಗೆ ಇವತ್ತಿಗೂ ತಿಳಿದಿಲ್ಲ. ದ್ವಾರಕಾನಾಥ ಚಾಕುವನ್ನು ತ್ರಿವಿಕ್ರಮ ನಿಲ್ಲಿಸಿದ ಜಾಗಕ್ಕೆ ಊರಿದ.

ವಸಂತಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಹೊರಗೆ ಹೋಗುವ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲ.

"ತೆಗೀರಿ ಚಾಕು" ಎಂದಳು.

ನೀನು ಸುಮ್ಮನಿರು, ಒಳಗೆ ಹೋಗು, ಎಂದ ದ್ವಾರಕಾನಾಥ.

"ಆಯಮ್ಮ ನಿನ್ನೆ ನನ್ನ ಕೈಯಿಂದಲೇ ನೀರು ಕುಡಿದು ಹೋದಳು. ಇವತ್ತೂ ಬೀದಿ ಆ ಕಡೆ ಕೇಳ್ಕೊಂಡು ಓಡಾಡ್ತಿದಾಳೆ." ಅವಳ ದನಿ ಏರಲಿಲ್ಲ. "ಕೂಗಿದ್ದು ನಾನು. ಅವಳಿಗೂ ಹೇಳ್ತೀನಿ, ಠಾಣೆಗೂ ಹೋಗಿ ಹೇಳಿ ಬರ್ತೀನಿ. ಯಾರ ಜೊತೆ ಆ ಹುಡುಗ ಬಂದ, ಯಾರು ಕರ್ಕೊಂಡು ಬಂದ್ರು, ಅದನ್ನೂ ಹೇಳ್ತೀನಿ. ಆಮೇಲೆ ಆ ವಕೀಲ ಯಾರನ್ನ ಹೆದರಿಸ್ತಾನೋ ಹೆದರಿಸ್ಲಿ."

ದ್ವಾರಕಾನಾಥ ಅವಳನ್ನು ಬೈದ. ಮಕ್ಕಳನ್ನು ನೆನಪಿಸಿದ. ಕಡೆಗೆ ಅತ್ತ. ನಿನ್ನನ್ನು ಒಳಗೆ ಹಾಕುತ್ತಾರೆ ಎಂದ. ಹಾಕಿದರೆ ಹಾಕಲಿ ಎಂದಳು. ನನ್ನ ಕಡೆ ತಿರುಗಿ, "ಸೀನಣ್ಣ, ಸಾರಿಗೆ ಬೇಳೆ ನೆನೆಹಾಕಿದೀನಿ, ನೋಡ್ಕೊಳ್ಳಿ" ಎಂದಳು.

ಅವಳ ಹೇಳಿಕೆ ಬರೆದುಕೊಂಡ ಠಾಣೆಯವರು ಅವಳ ಜೊತೆ ಮಧ್ಯಾಹ್ನ ಅಂಗಡಿಗೆ ಬಂದು, ಜಗಳದ ಕಾರಣ ಇದೇ ಎಂದು ಚಿತ್ರವನ್ನು ತೆಗೆದುಕೊಂಡು ಹೋಗಬೇಕೆಂದರು. ಅದು ಇನ್ನೂ ಒಂದೇ ತುಂಡಾಗಿತ್ತು. ಎರಡು ತಲೆಗಳ ನಡುವಿನಿಂದ ದೊರೆಯ ತೋಳಿನ ತನಕ ಸೀಳು, ಅದರ ಕೆಳಗೆ ಕೈ, ಕೈಯ ಕೆಳಗೆ ಕತ್ತು. ಮುತಿಸೊ ಬ್ಯಾಂಡೇಜಿನ ಕೈಯಿಂದಲೇ ಕಂಬಳಿ ಹಿಡಿದ, ನಾನು ದಾರ ಕಟ್ಟಿದೆ. ತ್ರಿವಿಕ್ರಮನನ್ನು ಹುಡುಕಿಕೊಂಡು ಇನ್ನೊಂದು ಗಾಡಿ ಹೋಗಿದೆ ಎಂದು ಒಬ್ಬ ಹೇಳಿದ.

ಚಿತ್ರವನ್ನು ಗಾಡಿಯ ಹಿಂದೆ ನಿಲ್ಲಿಸಿದರು. ವಸಂತಾ ಅದರ ಪಕ್ಕದಲ್ಲೇ ಹತ್ತಿ ಕೂತು, ಸೆರಗನ್ನು ಭುಜಕ್ಕೆ ಎಳೆದುಕೊಂಡಳು. ದ್ವಾರಕಾನಾಥ ಚಪ್ಪಲಿ ಇಲ್ಲದೆ ರಸ್ತೆಯ ತಿರುವಿನ ತನಕ ಗಾಡಿಯ ಹಿಂದೆ ನಡೆದ. ವಕೀಲ ಗಡುವು ಕೊಟ್ಟಿದ್ದ ಆ ಶನಿವಾರವೇ ಅವಳು ಹೋದದ್ದು.